ಥೊರೊಂಗ್ ಲಾ ದಾಟಲು ದೇಹ ಕೇಳುವ ದಿನಗಳು

ನೇಪಾಳದ ಅನ್ನಪೂರ್ಣ ಪರ್ವತಸಮೂಹವನ್ನು ಸುತ್ತುವ ಚಾರಣದ ದಾರಿಯನ್ನು ನಕ್ಷೆಯಲ್ಲಿ ನೋಡಿದರೆ, ಅದನ್ನು ಯಾವ ತುದಿಯಿಂದ ಬೇಕಾದರೂ ಆರಂಭಿಸಬಹುದು ಎನಿಸುತ್ತದೆ. ಪೂರ್ವಕ್ಕೆ ಮರ್ಸ್ಯಾಂಗ್ದಿ ನದಿಯ ಕಣಿವೆ, ಪಶ್ಚಿಮಕ್ಕೆ ಕಾಳಿ ಗಂಡಕಿಯ ಕಣಿವೆ, ಇವೆರಡನ್ನೂ ಮೇಲ್ಗಡೆ ಕೂಡಿಸುವುದು 5,416 ಮೀಟರ್ ಎತ್ತರದ ಥೊರೊಂಗ್ ಲಾ ಎಂಬ ಘಟ್ಟದ ದಾರಿ. ಈ ಸೀಮೆಯ ಬೌದ್ಧರು ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆಯನ್ನಾಗಲಿ ಸ್ತೂಪವನ್ನಾಗಲಿ ಬಲಕ್ಕಿಟ್ಟುಕೊಂಡು, ಪ್ರದಕ್ಷಿಣೆಯಾಗಿಯೇ ಬಳಸಿ ಹೋಗುತ್ತಾರೆ. ಆದರೆ ಎರಡು ಮೂರು ವಾರ ಹಿಡಿಯುವ ಈ ಚಾರಣದಲ್ಲಿ ಮಾರ್ಗದರ್ಶಿಗಳು ತಮ್ಮ ತಂಡಗಳನ್ನು ಬಹುಪಾಲು ಅಪ್ರದಕ್ಷಿಣೆಯಾಗಿ, ಪೂರ್ವದಿಂದ ಪಶ್ಚಿಮಕ್ಕೆ ಕರೆದೊಯ್ಯುತ್ತಾರೆ. ಇದಕ್ಕೆ ಕಾರಣ ಸಂಪ್ರದಾಯದಲ್ಲಿಲ್ಲ, ನಮ್ಮ ಶ್ವಾಸಕೋಶ ಮತ್ತು ಮೂತ್ರಪಿಂಡಗಳಲ್ಲಿದೆ.

ಪಶ್ಚಿಮದ ಕಡೆ ಘಟ್ಟದ ಕೆಳಗಿರುವ ಊರು ಮುಕ್ತಿನಾಥ. ಅದರ ಎತ್ತರ ಸುಮಾರು 3,760 ಮೀಟರ್. ಅಲ್ಲಿಂದ ಘಟ್ಟದ ತಲೆಯವರೆಗೆ ಕೆಲವು ಚಹಾದಂಗಡಿಗಳನ್ನು ಬಿಟ್ಟರೆ ಊರುಗಳಿಲ್ಲ. ಆದ್ದರಿಂದ ಆ ಕಡೆಯಿಂದ ಹೊರಟವರು ಒಂದೇ ದಿನದಲ್ಲಿ 1,600 ಮೀಟರಿಗೂ ಹೆಚ್ಚು ಏರಬೇಕಾಗುತ್ತದೆ. ಪೂರ್ವದ ಕಣಿವೆಯಲ್ಲಿ ಹಾಗಿಲ್ಲ. ಸುಮಾರು 760 ಮೀಟರ್ ಎತ್ತರದ ಬೇಸಿಸಹರ್‌ನಲ್ಲಿ ಭತ್ತದ ಗದ್ದೆಗಳ ನಡುವೆ ಶುರುವಾಗುವ ದಾರಿ ಚಾಮೆ, ಪಿಸಾಂಗ್, ಮನಾಂಗ್, ಯಾಕ್ ಖರ್ಕ, ಥೊರೊಂಗ್ ಫೇದಿ ಎಂದು ಒಂದಕ್ಕಿಂತ ಒಂದು ಸ್ವಲ್ಪವೇ ಎತ್ತರದಲ್ಲಿರುವ ತಂಗುದಾಣಗಳ ಮೂಲಕ ಏರುತ್ತದೆ. ಇರುಳು ಮಲಗುವ ಎತ್ತರ ದಿನದಿಂದ ದಿನಕ್ಕೆ ಎಷ್ಟು ಹೆಚ್ಚಿತು ಎಂಬುದೇ ಪರ್ವತವೈದ್ಯದ ಮೊದಲ ಲೆಕ್ಕ. 3,000 ಮೀಟರ್ ದಾಟಿದ ಮೇಲೆ ಆ ಹೆಚ್ಚಳ ದಿನಕ್ಕೆ 500 ಮೀಟರ್ ಮೀರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಇಂದು ವೈದ್ಯರು ಸಾಮಾನ್ಯವಾಗಿ ಒಪ್ಪಿರುವ ನಿಯಮ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಪಾಲು ಕಡಿಮೆಯಾಗುವುದಿಲ್ಲ; ಕಡಲತೀರದಲ್ಲಿಯೂ ಥೊರೊಂಗ್ ಲಾದಲ್ಲಿಯೂ ಅದು ಶೇಕಡ 21ರಷ್ಟೇ. ಕುಗ್ಗುವುದು ವಾಯುವಿನ ಒತ್ತಡ. ಘಟ್ಟದ ತಲೆಯಲ್ಲಿ ಅದು ಸಮುದ್ರಮಟ್ಟದ ಸುಮಾರು ಅರ್ಧದಷ್ಟಿರುವುದರಿಂದ, ಒಂದು ಉಸಿರಿನಲ್ಲಿ ಒಳಹೋಗುವ ಆಮ್ಲಜನಕದ ಅಣುಗಳೂ ಸುಮಾರು ಅರ್ಧಕ್ಕೆ ಇಳಿಯುತ್ತವೆ. ಎತ್ತರದ ಬೇನೆಗೆ ಮೂಲ ಆಮ್ಲಜನಕದ ಈ ಒತ್ತಡದ ಕೊರತೆಯೇ ಎಂಬುದನ್ನು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಪಾಲ್ ಬೇರ್ 1870ರ ದಶಕದಲ್ಲಿ, ಗಾಳಿಯನ್ನು ಹೊರತೆಗೆಯಬಹುದಾದ ಕೋಣೆಗಳಲ್ಲಿ ಪ್ರಯೋಗ ನಡೆಸಿ ತೋರಿಸಿಕೊಟ್ಟರು.

ಕೊರತೆಯನ್ನು ಮೊದಲು ಗುರುತಿಸುವುದು ಕತ್ತಿನಲ್ಲಿ, ಮಿದುಳಿಗೆ ರಕ್ತ ಒಯ್ಯುವ ಅಪಧಮನಿ ಕವಲೊಡೆಯುವ ಜಾಗದಲ್ಲಿರುವ ಪುಟ್ಟ ಅಂಗ. ರಕ್ತದಲ್ಲಿ ಆಮ್ಲಜನಕ ಇಳಿದೊಡನೆ ಅದು ಉಸಿರಾಟವನ್ನು ಹೆಚ್ಚಿಸಲು ಮಿದುಳಿಗೆ ಸೂಚನೆ ಕಳಿಸುತ್ತದೆ. ಉಸಿರು ಹೆಚ್ಚಿದರೆ ಆಮ್ಲಜನಕವೇನೋ ಒಂದಿಷ್ಟು ಹೆಚ್ಚು ದೊರೆಯುತ್ತದೆ, ಆದರೆ ಅದರ ಜೊತೆಗೆ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ರಕ್ತದ ಆಮ್ಲ-ಕ್ಷಾರ ಸಮತೋಲವನ್ನು ಕಾಯುವ ಮಿದುಳಿನ ಕೇಂದ್ರಗಳು ಇದನ್ನು ಸಹಿಸದೆ ಉಸಿರಾಟವನ್ನು ತಗ್ಗಿಸಲು ನೋಡುತ್ತವೆ. ಹೀಗೆ ಒಂದು ಆಜ್ಞೆ ಉಸಿರಾಡು ಎನ್ನುತ್ತದೆ, ಇನ್ನೊಂದು ನಿಲ್ಲಿಸು ಎನ್ನುತ್ತದೆ. ಮನಾಂಗ್‌ನ ವಸತಿಗೃಹಗಳಲ್ಲಿ ನಡುರಾತ್ರಿ ಪಕ್ಕದ ಹಾಸಿಗೆಯವರ ಉಸಿರು ಕೆಲವು ಸೆಕೆಂಡು ನಿಂತು, ಮತ್ತೆ ಏದುಸಿರಾಗಿ ಆರಂಭವಾಗುವುದಕ್ಕೆ ಈ ಜಗ್ಗಾಟವೇ ಕಾರಣ. ಮೊದಲ ಬಾರಿ ಕೇಳಿದವರಿಗೆ ದಿಗಿಲಾಗುತ್ತದೆ. ಆದರೆ ಆ ಎತ್ತರದಲ್ಲಿ ಆರೋಗ್ಯವಂತರಲ್ಲಿಯೂ ಇದು ಸಾಮಾನ್ಯ.

ಈ ಜಗ್ಗಾಟವನ್ನು ಬಗೆಹರಿಸುವುದು ಮೂತ್ರಪಿಂಡಗಳು. ಅವು ಬೈಕಾರ್ಬೊನೇಟನ್ನು ಮೂತ್ರದೊಡನೆ ಹೊರಹಾಕಿ ರಕ್ತದ ಕ್ಷಾರೀಯತೆಯನ್ನು ತಗ್ಗಿಸಿದಂತೆಲ್ಲ ಉಸಿರಾಟದ ಮೇಲಿನ ತಡೆ ಸಡಿಲವಾಗುತ್ತದೆ, ಶ್ವಾಸಕೋಶಗಳು ಹಗಲಿರುಳು ನಿರಾತಂಕವಾಗಿ ಹೆಚ್ಚು ಗಾಳಿಯನ್ನು ಎಳೆದುಕೊಳ್ಳತೊಡಗುತ್ತವೆ. ಎತ್ತರಕ್ಕೆ ಒಗ್ಗಿಕೊಳ್ಳುವುದು ಎಂದರೆ ಮೊದಲ ವಾರದ ಮಟ್ಟಿಗೆ ಮುಖ್ಯವಾಗಿ ಇದೇ. ಹೆಚ್ಚು ಕೆಂಪು ರಕ್ತಕಣಗಳು ಹುಟ್ಟಿಕೊಳ್ಳುವುದರಿಂದ ಒಗ್ಗುತ್ತೇವೆ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಆ ಕಣಗಳನ್ನು ಹುಟ್ಟಿಸುವ ಹಾರ್ಮೋನು ಕೆಲವೇ ಗಂಟೆಗಳಲ್ಲಿ ಏರುವುದು ನಿಜವಾದರೂ, ಕಣಗಳ ರಾಶಿ ಗಣನೀಯವಾಗಿ ಹೆಚ್ಚಲು ವಾರಗಳು ಬೇಕು. ಅಷ್ಟರಲ್ಲಿ ಚಾರಣಿಗರು ಘಟ್ಟ ದಾಟಿ ಕೆಳಗಿಳಿದಿರುತ್ತಾರೆ. ಮೊದಲ ದಿನಗಳಲ್ಲಿ ರಕ್ತ ಗಟ್ಟಿಯಾದಂತೆ ಕಾಣುವುದು ಅದರ ದ್ರವಭಾಗ ಕಡಿಮೆಯಾಗುವುದರಿಂದ. ಮುನ್ನೆಚ್ಚರಿಕೆಯಾಗಿ ವೈದ್ಯರು ಕೊಡುವ ಅಸೆಟಜೋಲಮೈಡ್ ಮಾತ್ರೆಯೂ ಬೈಕಾರ್ಬೊನೇಟನ್ನು ಹೊರದೂಡುವಂತೆ ಮೂತ್ರಪಿಂಡಗಳನ್ನು ಪ್ರೇರೇಪಿಸಿ, ದೇಹ ಹೇಗೂ ಮಾಡಲಿದ್ದ ಕೆಲಸವನ್ನು ಬೇಗ ಮಾಡಿಸುತ್ತದೆ.

ಸುಮಾರು 3,540 ಮೀಟರ್ ಎತ್ತರದ ಮನಾಂಗ್‌ನಲ್ಲಿ ಎರಡು ರಾತ್ರಿ ತಂಗುವುದು ಈ ದಾರಿಯ ಎಲ್ಲ ವೇಳಾಪಟ್ಟಿಗಳಲ್ಲಿಯೂ ಏಕೆ ಇರುತ್ತದೆ ಎಂಬುದು ಇಷ್ಟು ತಿಳಿದ ಮೇಲೆ ಸ್ಪಷ್ಟವಾಗುತ್ತದೆ. ಅದನ್ನು ವಿಶ್ರಾಂತಿಯ ದಿನ ಎಂದು ಕರೆಯುತ್ತಾರಾದರೂ ಮಾರ್ಗದರ್ಶಿಗಳು ತಂಡವನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಗಂಗಾಪೂರ್ಣ ಹಿಮನದಿಯ ಎದುರಿನ ದಿಬ್ಬಕ್ಕೋ, ಸುಮಾರು 4,600 ಮೀಟರಿನಲ್ಲಿರುವ ಹಿಮಸರೋವರಕ್ಕೋ ಹತ್ತಿಸಿ, ಸಂಜೆಗೆ ಮತ್ತೆ ಊರಿಗೆ ಇಳಿಸುತ್ತಾರೆ. ಹಗಲು ಕೆಲವು ಗಂಟೆ ಮೇಲೆ ಕಳೆದರೆ ಉಸಿರಾಟಕ್ಕೆ ಪ್ರಚೋದನೆ ಸಿಗುತ್ತದೆ, ರಾತ್ರಿ ಕೆಳಗೆ ಮಲಗಿದರೆ ಅಪಾಯ ತಗ್ಗುತ್ತದೆ. ಪಿಸಾಂಗ್‌ನಿಂದ ಮನಾಂಗ್‌ಗೆ ನದಿಯ ಪಕ್ಕದ ಸುಲಭದ ದಾರಿ ಇದ್ದರೂ ಅನುಭವಸ್ಥರು ಮೇಲಿನ ಪಿಸಾಂಗ್, ಘ್ಯಾರು, ನಾವಲ್ ಎಂಬ ಹಳ್ಳಿಗಳ ಎತ್ತರದ ದಾರಿಯನ್ನೇ ಆರಿಸಿಕೊಳ್ಳುವುದಕ್ಕೂ ಇದೇ ತರ್ಕ. ಕಲ್ಲು ಮನೆಗಳು, ಫಾಪರ್ ಎಂದು ಕರೆಯುವ ಹುರುಳಿಗೋಧಿಯ ಹೊಲಗಳು, ಎದುರಿಗೆ ಎರಡನೆಯ ಅನ್ನಪೂರ್ಣ ಶಿಖರ: ನನ್ನ ಮಟ್ಟಿಗೆ ಇಡೀ ದಾರಿಯ ಅತ್ಯಂತ ಸುಂದರ ಭಾಗವೂ ಅದೇ.

ನಿಧಾನದ ಮಹತ್ವ ಅರಿವಿಗೆ ಬಂದುದರಲ್ಲಿ ಭಾರತದ ಸೈನಿಕರ ಪಾತ್ರ ದೊಡ್ಡದು. 1962ರ ಯುದ್ಧದ ಕಾಲದಲ್ಲಿ ಬಯಲಿನ ಸಾವಿರಾರು ಸೈನಿಕರನ್ನು ಅವಸರದಲ್ಲಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು, ಅವರಲ್ಲಿ ಅನೇಕರು ಗುಂಡು ತಗಲದೆಯೇ ಕಾಯಿಲೆ ಬಿದ್ದರು. ಇಂಥ 1,925 ಸೈನಿಕರನ್ನು ಪರೀಕ್ಷಿಸಿದ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳ ವರದಿ 1969ರಲ್ಲಿ ಪ್ರಕಟವಾಯಿತು. ಈ ವಿಷಯದ ವೈದ್ಯಶಾಸ್ತ್ರಕ್ಕೆ ಅದು ಇಂದಿಗೂ ಅಡಿಪಾಯ. ಕೆಲವು ವರ್ಷಗಳ ಬಳಿಕ ಪೀಟರ್ ಹ್ಯಾಕೆಟ್ ಮತ್ತು ಡ್ರಮಂಡ್ ರೆನ್ನಿ ಎವರೆಸ್ಟ್ ದಾರಿಯ ಫೆರಿಚೆ ಎಂಬಲ್ಲಿ 278 ಚಾರಣಿಗರನ್ನು ಪರೀಕ್ಷಿಸಿದಾಗ ಶೇಕಡ 53ರಷ್ಟು ಮಂದಿಯಲ್ಲಿ ಎತ್ತರದ ಬೇನೆಯ ಲಕ್ಷಣಗಳು ಕಂಡವು. ಲುಕ್ಲಾದವರೆಗೆ ವಿಮಾನದಲ್ಲಿ ಬಂದವರಲ್ಲಿ ಅದು ಕೆಳಗಿನಿಂದಲೇ ನಡೆದು ಬಂದವರಿಗಿಂತ ಹೆಚ್ಚಾಗಿತ್ತು.

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ದಣಿವು: ಬೇನೆ ಇಷ್ಟಕ್ಕೇ ನಿಂತರೆ ಅದೇ ಎತ್ತರದಲ್ಲಿ ಒಂದೆರಡು ದಿನ ಉಳಿದು ಗುಣವಾಗಬಹುದು. ಅದನ್ನು ಲೆಕ್ಕಿಸದೆ ಮೇಲೇರಿದವರಿಗೆ ಎರಡು ಮಾರಕ ರೂಪಗಳು ಕಾದಿರುತ್ತವೆ. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಸಂಕುಚಿಸುತ್ತವೆ, ಆದರೆ ಎಲ್ಲೆಡೆ ಒಂದೇ ಸಮನಾಗಿ ಅಲ್ಲ. ಕಡಿಮೆ ಸಂಕುಚಿಸಿದ ಭಾಗಗಳಿಗೆ ರಕ್ತ ರಭಸದಿಂದ ನುಗ್ಗಿ, ಸೂಕ್ಷ್ಮ ನಾಳಗಳಿಂದ ದ್ರವ ಸೋರಿ ಗಾಳಿಗೂಡುಗಳನ್ನು ತುಂಬುತ್ತದೆ. ಕುಳಿತಲ್ಲೇ ಏದುಸಿರು ಬರುವುದು ಇದರ ಗುರುತು. ಇನ್ನೊಂದು ಮಿದುಳಿನ ಊತ. ಅದರ ಆರಂಭದಲ್ಲಿ ನಡಿಗೆ ತೂರಾಡುತ್ತದೆ, ಆಮೇಲೆ ವಿವೇಕ ಮಸುಕಾಗುತ್ತದೆ. ತನಗೇನಾಗಿದೆ ಎಂಬುದನ್ನು ನಿರ್ಣಯಿಸಬೇಕಾದ ಅಂಗವೇ ಕೆಟ್ಟಿರುವುದರಿಂದ ರೋಗಿಯ 'ನಾನು ಚೆನ್ನಾಗಿದ್ದೇನೆ' ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಹೇಳಿ, ಆಗದವರನ್ನು ಹೊತ್ತು ನೋಡದೆ ಕೆಳಗಿಳಿಸುವ ಮಾರ್ಗದರ್ಶಿಯ ನಿರ್ಧಾರವೇ ಜೀವ ಉಳಿಸುತ್ತದೆ. ವಿದೇಶೀ ಚಾರಣಿಗರು ಪರವಾನಗಿ ಪಡೆದ ಮಾರ್ಗದರ್ಶಿಯನ್ನು ಕರೆದೊಯ್ಯಬೇಕೆಂದು ನೇಪಾಳ 2023ರಲ್ಲಿ ನಿಯಮ ಮಾಡಿದಾಗ ಸಾಕಷ್ಟು ವಿರೋಧ ಬಂದಿತು. ಆದರೆ ವೈದ್ಯಕೀಯ ದೃಷ್ಟಿಯಿಂದ ನೋಡಿದರೆ, ಜೊತೆಗೆ ತಿಳಿದವರೊಬ್ಬರು ಇರಬೇಕೆಂಬುದು ಅಲ್ಲಗಳೆಯಲಾಗದ ಮಾತು. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ 1981ರಿಂದ ಮನಾಂಗ್‌ನಲ್ಲಿ ನಡೆಸುತ್ತಿರುವ ಚಿಕಿತ್ಸಾ ಕೇಂದ್ರದ ವೈದ್ಯರು ಚಾರಣದ ಋತುವಿನಲ್ಲಿ ಮಧ್ಯಾಹ್ನದ ಹೊತ್ತು ಈ ಬೇನೆಯ ಕುರಿತು ಉಪನ್ಯಾಸ ಕೊಡುತ್ತಾರೆ. ಅದನ್ನು ಯಾರೂ ತಪ್ಪಿಸಿಕೊಳ್ಳಬಾರದು.

ಹೊರೆ ಹೊರುವವರ ಬಗ್ಗೆ ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ತೊಡೆಯಬೇಕು. ನೇಪಾಳಿಗಳಿಗೆ ಎತ್ತರ ಬಾಧಿಸುವುದಿಲ್ಲ ಎಂದು ಎಷ್ಟೋ ಪ್ರವಾಸಿಗರು ಭಾವಿಸುತ್ತಾರೆ. ಟಿಬೆಟಿನವರು ಮತ್ತು ಶೆರ್ಪಾಗಳಲ್ಲಿ ಇಪಿಎಎಸ್1 ಎಂಬ ವಂಶವಾಹಿಯ ವಿಶೇಷ ರೂಪವೊಂದು ವ್ಯಾಪಕವಾಗಿದ್ದು, ಎತ್ತರದಲ್ಲಿಯೂ ಅವರ ರಕ್ತ ಅತಿಯಾಗಿ ಗಟ್ಟಿಯಾಗದಂತೆ ಅದು ನೋಡಿಕೊಳ್ಳುತ್ತದೆ. ಆ ರೂಪ ಡೆನಿಸೋವನ್ ಎಂಬ ಅಳಿದುಹೋದ ಮಾನವ ಬಳಗದಿಂದ ಬಂದುದೆಂದು 2014ರಲ್ಲಿ ತಿಳಿದುಬಂದಿತು. ಆದರೆ ಹೊರೆಯಾಳುಗಳಲ್ಲಿ ಬಹಳಷ್ಟು ಮಂದಿ ತಗ್ಗಿನ ಕಣಿವೆಗಳ ರೈತರು. ಅವರ ಶ್ವಾಸಕೋಶಕ್ಕೂ ಬೆಂಗಳೂರಿನಿಂದ ಹೋದವರ ಶ್ವಾಸಕೋಶಕ್ಕೂ ಈ ವಿಷಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ, ಬೆನ್ನ ಮೇಲೆ ಭಾರ ಮಾತ್ರ ಹೆಚ್ಚು, ಕೂಲಿ ತಪ್ಪೀತೆಂಬ ಭಯದಿಂದ ತಲೆನೋವನ್ನು ಹೇಳಿಕೊಳ್ಳುವುದೂ ಕಡಿಮೆ. ತಂಡದ ಮುಖಂಡರು ಸಂಜೆ ಚಾರಣಿಗರ ಬೆರಳಿಗೆ ಆಕ್ಸಿಮೀಟರ್ ಹಾಕುವಾಗ ಹೊರೆಯಾಳುಗಳ ಬೆರಳಿಗೂ ಹಾಕಲೇಬೇಕು.

ಈಗ ಬೇಸಿಸಹರ್‌ನಿಂದ ಮನಾಂಗ್‌ವರೆಗೆ ಜೀಪಿನ ರಸ್ತೆಯಾಗಿದೆ. ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ, ಬೆಳೆದುದನ್ನು ಮಾರುಕಟ್ಟೆಗೆ ಸಾಗಿಸಬೇಕಾದ ಹಳ್ಳಿಗರಿಗೆ ಅದು ಬೇಕೇ ಬೇಕು, ದಾರಿಯ ಚೆಲುವು ಕೆಟ್ಟಿತೆಂದು ಹೊರಗಿನವರು ದೂರುವುದು ಸರಿಯಲ್ಲ. ಆದರೆ ಚಾರಣಿಗರಿಗೆ ಆ ರಸ್ತೆ ಒಡ್ಡುವ ಆಮಿಷ ಅಪಾಯಕಾರಿ. ವಾರಕ್ಕೂ ಮಿಕ್ಕಿ ನಡೆದು ಏರುತ್ತಿದ್ದ ಸುಮಾರು 2,800 ಮೀಟರ್ ಎತ್ತರವನ್ನು ಒಂದೆರಡು ದಿನದಲ್ಲಿ ಜೀಪು ಏರಿಸಿಬಿಡುತ್ತದೆ, ಮೂತ್ರಪಿಂಡಗಳ ಕೆಲಸ ಮಾತ್ರ ಆಗಿರುವುದಿಲ್ಲ. ರಜೆ ಕಡಿಮೆ ಇರುವವರು ಜೀಪಿನಲ್ಲಿ ಚಾಮೆಯವರೆಗೆ ಮಾತ್ರ ಹೋಗಿ, ಅಲ್ಲಿಂದ ನಡೆಯುವುದು ವಾಸಿ. ವೇಳಾಪಟ್ಟಿಯಲ್ಲಿ ಒಂದೆರಡು ಬಿಡುವಿನ ದಿನಗಳೂ ಇರಬೇಕು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ದಡ ಸೇರಿದ ಹುದ್‌ಹುದ್ ಚಂಡಮಾರುತದ ತೇವ 14ರಂದು ಅನ್ನಪೂರ್ಣ ಸೀಮೆಯಲ್ಲಿ ಹಿಮವಾಗಿ ಸುರಿದಾಗ, ಆ ದಿನವೇ ಥೊರೊಂಗ್ ಲಾ ದಾಟುತ್ತಿದ್ದ ಅನೇಕರು ಅದರಲ್ಲಿ ಸಿಲುಕಿದರು. ಸುತ್ತಲಿನ ಪರ್ವತಗಳೂ ಸೇರಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಫೇದಿಯಲ್ಲಿ ಕಾದು ಕೂರಲು ದಿನ ಉಳಿಸಿಕೊಂಡಿರುವ ತಂಡಕ್ಕೆ ಆಕಾಶ ನೋಡಿ ನಿರ್ಧರಿಸುವ ಸ್ವಾತಂತ್ರ್ಯವಿರುತ್ತದೆ.

ಘಟ್ಟ ದಾಟಿದ ಮೇಲಿನ ಮುಸ್ತಾಂಗ್ ಸೀಮೆ ಮಳೆನೆರಳಿನ ಒಣ ನಾಡು. ಟೆಥಿಸ್ ಸಾಗರದ ತಳ ಮೇಲೆದ್ದು ಆದ ಈ ನೆಲದಿಂದ ಜುರಾಸಿಕ್ ಕಾಲದ ಅಮೊನೈಟ್ ಜೀವಿಗಳ ಪಳೆಯುಳಿಕೆಗಳನ್ನು ಕಾಳಿ ಗಂಡಕಿ ಹೊತ್ತು ತರುತ್ತದೆ, ಉಡುಪಿಯಿಂದ ಮಂತ್ರಾಲಯದವರೆಗೆ ವೈಷ್ಣವರ ಮನೆ ಮಠಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮಗಳು ಇವೇ. ಮುಕ್ತಿನಾಥಕ್ಕೆ ಕರ್ನಾಟಕದಿಂದ ಹೋಗುವ ಯಾತ್ರಿಕರಲ್ಲಿ ವಯಸ್ಸಾದವರು ಹೆಚ್ಚು, ಅವರು ಚಾರಣ ಮಾಡುವವರಲ್ಲ. ಪೋಖರಾದ ಸುಮಾರು 820 ಮೀಟರಿನಿಂದ ಜೀಪಿನಲ್ಲಿಯೋ ಜೊಮ್ಸೋಮ್‌ಗೆ ವಿಮಾನದಲ್ಲಿಯೋ ಏರಿ ನೇರವಾಗಿ 3,760 ಮೀಟರಿಗೆ ಬರುತ್ತಾರೆ. ಚಾರಣಿಗರಿಗೆ ಅನ್ವಯಿಸುವ ಶರೀರನಿಯಮವೇ ಅವರಿಗೂ ಅನ್ವಯಿಸುತ್ತದೆ. ಸುಮಾರು 2,700 ಮೀಟರಿನಲ್ಲಿರುವ ಜೊಮ್ಸೋಮ್ ಅಥವಾ ಮಾರ್ಫಾದಲ್ಲಿ ಮೊದಲು ಒಂದೆರಡು ರಾತ್ರಿ ತಂಗಬೇಕು, ಮುಕ್ತಿನಾಥದ ದರ್ಶನ ಮುಗಿಸಿ ಅದೇ ದಿನ ಕೆಳಗಿಳಿಯುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳಬೇಕು. ಮೇಲೆ ಯಾರಿಗಾದರೂ ತೂರಾಟವೋ ಕುಳಿತಲ್ಲೇ ಏದುಸಿರೋ ಕಂಡರೆ ಪೂಜೆ ಮುಗಿಯುವವರೆಗೆ ಕಾಯದೆ ಜೀಪು ಹತ್ತಿಸಬೇಕು. ಅಲ್ಲಿಂದ ಸುಮಾರು ಸಾವಿರ ಮೀಟರ್ ಕೆಳಗಿರುವ ಕಾಗ್ಬೇನಿಗೆ ರಸ್ತೆಯಿದೆ, ಈ ಬೇನೆಗೆ ಅಷ್ಟು ಇಳಿಯುವುದೇ ಮೊದಲ ಮತ್ತು ಅತ್ಯಂತ ಬಲವಾದ ಚಿಕಿತ್ಸೆ.