ವಾಚ್ ಕಟ್ಟಿದ ಜಾಗ ಕೆಂಪಾಗಿದೆ, ಹಸಿರು ಲೈಟ್ ಸುಡುತ್ತಿದೆಯಾ?

ಮೂಡಿಗೆರೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಸರ್, ನನಗೆ 54 ವರ್ಷ. ಮಗಳು ಕೊಡಿಸಿದ ಸ್ಮಾರ್ಟ್‌ವಾಚ್ ಕಟ್ಟಲು ಶುರು ಮಾಡಿ ಎರಡು ತಿಂಗಳಾಯಿತು. ಮಳೆ ಹಿಡಿದ ಮೇಲೆ ವಾಚಿನ ಅಡಿಯಲ್ಲಿ ಚರ್ಮ ಕೆಂಪಾಗಿ ವಿಪರೀತ ಕಡಿತ. ವಾಚಿನ ಹಿಂದುಗಡೆ ಹಸಿರು ಲೈಟ್ ಮಿಣುಕುತ್ತಲೇ ಇರುತ್ತದೆ. ಅದೇ ಸುಡುತ್ತಿದೆಯಾ? ಯಾವ ಮುಲಾಮು ಹಚ್ಚಲಿ?"

ಲೈಟ್ ಸುಡುತ್ತಿಲ್ಲ, ಆ ಭಯ ಬಿಡಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಎಷ್ಟು ಬೆಳಕು ವಾಪಸ್ ಬಂತು ಅಂತ ನೋಡಿ ವಾಚ್ ನಿಮ್ಮ ಎದೆಬಡಿತ ಎಣಿಸುತ್ತದೆ, ಅಷ್ಟೇ. ಚರ್ಮ ಸುಡುವಷ್ಟು ಶಕ್ತಿ ಆ ಪುಟ್ಟ ದೀಪಕ್ಕಿಲ್ಲ. ಬ್ಯಾಟರಿ ಬಿಸಿಯಾಗುವುದು ಬೇರೆ ವಿಷಯ. ಫಿಟ್‌ಬಿಟ್ ಕಂಪನಿ 2022ರಲ್ಲಿ ತನ್ನ ಅಯಾನಿಕ್ ವಾಚ್‌ಗಳನ್ನು ವಾಪಸ್ ಕರೆಸಿಕೊಂಡಿದ್ದು ಅದೇ ಕಾರಣಕ್ಕೆ. ಹಾಗೆ ವಾಚ್ ಕೈಗೆ ಬಿಸಿ ತಾಗಿದರೆ ತಕ್ಷಣ ಬಿಚ್ಚಿ, ಮತ್ತೆ ಕಟ್ಟಬೇಡಿ. ಆದರೆ ನಿಧಾನಕ್ಕೆ ಶುರುವಾಗಿ ದಿನಾ ಕಡಿಯುವುದು ಬಿಸಿಯಿಂದ ಆಗಿದ್ದಲ್ಲ.

ಹಾಗಾದರೆ ಯಾವುದರಿಂದ? ಚಿಕ್ಕಮಗಳೂರಿನ ನಮ್ಮ ಮೆಡಿಕಲ್ ಶಾಪಿನಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಜುಲೈ ತಿಂಗಳಲ್ಲಿ ಆಲ್ದೂರು ಕಡೆಯ ತೋಟದ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವರು) ಒಬ್ಬರು ಬಂದಿದ್ದರು. ರೈನ್‌ಕೋಟಿನ ತೋಳು ಮೇಲೆ ಸರಿಸಿ, ವಾಚ್ ಬಿಚ್ಚಿ, ಕೈ ಮುಂದೆ ಚಾಚಿದರು. ಪಟ್ಟಿಯ ಅಡಿಯ ಚರ್ಮ ತುಂಬಾ ಹೊತ್ತು ನೀರಲ್ಲಿ ನೆನೆದ ಬೆರಳಿನ ಹಾಗೆ ಬಿಳುಚಿ ಸುಕ್ಕುಗಟ್ಟಿತ್ತು. ನಡುವೆ, ವಾಚಿನ ಉಬ್ಬು ಒತ್ತುವ ಕಡೆ, ರೂಪಾಯಿ ಅಗಲದ ಕೆಂಪು. ಪಟ್ಟಿಯ ತೂತುಗಳಲ್ಲಿ ಬೆಳ್ಳಗೆ ಏನೋ ಕೂತಿತ್ತು. ನಲ್ಲಿ ಕೆಳಗೆ ಹಿಡಿದು ಬೆರಳಲ್ಲಿ ಉಜ್ಜಿದೆ. ನೊರೆ ಬಂತು! ನಾನು ಸೋಪು ಮುಟ್ಟಿರಲೇ ಇಲ್ಲ. ದಿನಾ ಸ್ನಾನ ಮಾಡುವಾಗ, ಕೈ ತೊಳೆಯುವಾಗ ಒಳಗೆ ಸೇರಿಕೊಂಡ ಸೋಪು ಅಲ್ಲೇ ಉಳಿದುಬಿಟ್ಟಿತ್ತು.

ಹೆಚ್ಚಿನವರ ಕಡಿತಕ್ಕೆ ಕಾರಣ ಇದೇ. ರಬ್ಬರಿನಂಥ ಸಿಲಿಕೋನ್ ಪಟ್ಟಿ ಗಾಳಿ ಬಿಡುವುದಿಲ್ಲ. ಬೆವರು, ಮಳೆನೀರು, ಸೋಪು ಮೂರೂ ಒಳಗೆ ಸಿಕ್ಕಿಕೊಳ್ಳುತ್ತವೆ. ನೆನೆದ ಚರ್ಮದ ಮೇಲ್ಪದರ ಊದಿ ಸಡಿಲವಾಗುತ್ತದೆ. ನಮ್ಮ ಚರ್ಮದ ಗುಣ ಸ್ವಲ್ಪ ಹುಳಿ, ಮಾಮೂಲಿ ಸೋಪಿನದು ಕ್ಷಾರ. ಎರಡಕ್ಕೂ ಆಗಿಬರುವುದಿಲ್ಲ. ಅದರ ಮೇಲೆ ವಾಚ್ ದಿನವಿಡೀ ಉಜ್ಜುತ್ತಿದ್ದರೆ ಚರ್ಮ ಎಷ್ಟು ಅಂತ ತಡೆಯುತ್ತದೆ, ಹೇಳಿ? ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಹೊರಗೆ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಪಟ್ಟಿಯ ಅಡಿಯ ಚರ್ಮ ಒಣಗುತ್ತದಾ? ನಿಮಗೂ ಮಳೆ ಹಿಡಿದ ಮೇಲೇ ಶುರುವಾಗಿದೆ ಅಲ್ವಾ, ಅದಕ್ಕೇ ನನಗೆ ಮೊದಲು ಇದರ ಮೇಲೇ ಅನುಮಾನ.

ಎರಡನೆಯ ಕಾರಣ ಅಲರ್ಜಿ. ಇದು ಕಡಿಮೆ ಜನಕ್ಕೆ, ಆದರೆ ಬಂದರೆ ಹಠಮಾರಿ. ಮುಖ್ಯ ಆರೋಪಿ ನಿಕಲ್ ಎಂಬ ಲೋಹ. ಕೆಲವು ವಾಚಿನ ಹಿಂಬದಿಯಲ್ಲಿ, ಬಕಲ್‌ನಲ್ಲಿ ಇರುತ್ತದೆ. ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ಸೋರುತ್ತದಾ? ಜೀನ್ಸ್ ಗುಂಡಿ ತಾಗುವ ಕಡೆ, ಹೊಕ್ಕುಳ ಕೆಳಗೆ, ಕಡಿತ ಇದೆಯಾ? ಹೌದು ಅಂದರೆ ನಿಕಲ್ ಮೇಲೆ ಅನುಮಾನ ಪಡಬಹುದು. ಅಂಟಿನಲ್ಲಿರುವ ಅಕ್ರಿಲೇಟ್, ರಬ್ಬರಿಗೆ ಸೇರಿಸುವ ರಾಸಾಯನಿಕ, ಚರ್ಮದ ಪಟ್ಟಿ ಹದ ಮಾಡಲು ಬಳಸುವ ಕ್ರೋಮಿಯಂ ಕೂಡ ಕೆಲವರಿಗೆ ಆಗುವುದಿಲ್ಲ. ಫಿಟ್‌ಬಿಟ್ ಫೋರ್ಸ್ ಎಂಬ ಬ್ಯಾಂಡನ್ನು 2014ರಲ್ಲಿ ಮಾರುಕಟ್ಟೆಯಿಂದಲೇ ವಾಪಸ್ ತೆಗೆದುಕೊಂಡರು. ಅಮೆರಿಕದಲ್ಲಿ ಮಾರಾಟವಾದ ಸುಮಾರು 10 ಲಕ್ಷ ಬ್ಯಾಂಡ್‌ಗಳಲ್ಲಿ 9,900ರಷ್ಟು ಚರ್ಮದ ದೂರುಗಳು ಬಂದಿದ್ದವು.

ಎರಡನ್ನೂ ಬೇರೆ ಮಾಡಿ ನೋಡಲು ಒಂದು ದಾರಿ ಇದೆ. ತೇವ, ಸೋಪಿನ ಕಡಿತ ವಾಚ್ ಬಿಚ್ಚಿ ಒಣಗಿಸಿದರೆ ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಅಲರ್ಜಿ ಹಾಗಲ್ಲ. ವಾಚ್ ಕಟ್ಟಿದ ಒಂದೆರಡು ದಿನದ ಮೇಲೆ ಏಳುತ್ತದೆ, ಬಿಚ್ಚಿದರೂ ಬೇಗ ಇಳಿಯುವುದಿಲ್ಲ, ವಾಚಿನ ಗಡಿ ದಾಟಿ ಹರಡಲೂಬಹುದು. ಖಚಿತ ಮಾಡಿಕೊಳ್ಳಲು ಪ್ಯಾಚ್ ಟೆಸ್ಟ್ ಇದೆ. ಅನುಮಾನ ಇರುವ ವಸ್ತುಗಳನ್ನು ಹಾಕಿದ ಸಣ್ಣ ಸಣ್ಣ ಅಂಟುಪಟ್ಟಿಗಳನ್ನು ಚರ್ಮದ ಡಾಕ್ಟರು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ನೋಡುತ್ತಾರೆ. ಎಲ್ಲ ಕಡೆ ಮಾಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಈಗ ಮುಲಾಮಿನ ಮಾತು. ನನಗೆ ಕಳವಳ ಇರುವುದೇ ಇಲ್ಲಿ. "ಕಡಿತಕ್ಕೆ ಒಂದು ಟ್ಯೂಬ್ ಕೊಡಿ" ಅಂತ ಕೇಳಿ ತೆಗೆದುಕೊಳ್ಳುವ ಎಷ್ಟೋ ಮುಲಾಮುಗಳಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಮಾಯವಾಗುತ್ತದೆ, ಅದಕ್ಕೇ ಜನ ನಂಬುತ್ತಾರೆ. ಮಳೆಗಾಲದಲ್ಲಿ ವಾಚಿನ ಅಡಿಯ ಕೆಂಪು ಹುಳುಕಡ್ಡಿಯೂ ಆಗಿರಬಹುದು. ಅಂಚು ಉಬ್ಬಿ, ಬಳೆಯ ಹಾಗೆ ದುಂಡಗೆ, ನಡುವೆ ತಿಳಿಯಾಗಿದ್ದರೆ ಹೆಚ್ಚಾಗಿ ಅದೇ. ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ಮೇಲೆ ತಣ್ಣಗಾದಂತೆ ಕಂಡು ಒಳಗೊಳಗೇ ಹಬ್ಬುತ್ತದೆ. ಬಹಳ ದಿನ ಹಚ್ಚಿದರೆ ಚರ್ಮವೂ ತೆಳುವಾಗುತ್ತದೆ. 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತು. ದಯವಿಟ್ಟು ನೀವಾಗಿ ಕೇಳಿ ತರಬೇಡಿ. ಡಾಕ್ಟರ್ ನೋಡಿ ಇಷ್ಟು ದಿನ ಹಚ್ಚಿ ಅಂದರೆ ಹಚ್ಚಿ. ಸುಣ್ಣ, ಟೂತ್‌ಪೇಸ್ಟ್, ಸ್ಯಾನಿಟೈಸರ್ ಯಾವುದೂ ಬೇಡ.

ಸದ್ಯಕ್ಕೆ ವಾಚ್ ಬಿಚ್ಚಿಡಿ. ಕೈಯನ್ನು ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಗುಳ್ಳೆ ಎದ್ದರೆ, ಕೀವು ಅಥವಾ ನೀರು ಸೋರಿದರೆ, ಬಳೆಯಂತೆ ದುಂಡಗಿದ್ದರೆ, ಒಂದು ವಾರದಲ್ಲಿ ತಗ್ಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ವಾರ ಕಾಯುವುದೇ ಬೇಡ.

ಚರ್ಮ ಪೂರ್ತಿ ಮಾಗಿದ ಮೇಲೆ ಪಟ್ಟಿಯನ್ನು ನೊರೆ ನಿಲ್ಲುವ ತನಕ ತೊಳೆದು ಒಣಗಿಸಿ, ಇನ್ನೊಂದು ಕೈಗೆ, ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ. ಕಿರುಬೆರಳು ತೂರುವಷ್ಟು ಸಡಿಲ ಇರಲಿ. ಸ್ನಾನಕ್ಕೆ, ಪಾತ್ರೆ ತೊಳೆಯಲು, ರಾತ್ರಿ ಮಲಗಲು ಬಿಚ್ಚಿಡಿ. ಬಟ್ಟೆಯ ಪಟ್ಟಿ ಹಾಕಿಕೊಳ್ಳಿ ಅಂತ ಯಾರಾದರೂ ಹೇಳಬಹುದು. ಬೇಸಿಗೆಗೆ ಸರಿ, ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ನಿಮ್ಮಲ್ಲಿ ತೋಟ ಇದ್ದರೆ, ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ಎಂಬ ಔಷಧಿಯನ್ನು ಗಿಡಗಳಿಗೆ ಹೊಡೆಯುವ ದಿನ ವಾಚ್ ಮನೆಯಲ್ಲೇ ಇರಲಿ. ಆ ದ್ರಾವಣ ಪಟ್ಟಿಯ ಒಳಗೆ ಸೇರಿದರೆ ಸೋಪಿಗಿಂತ ಜಾಸ್ತಿ ಉರಿ.

ಮಗಳು ಕೊಡಿಸಿದ್ದು, ಬಿಚ್ಚಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಕಡಿತ ಸಹಿಸಿಕೊಂಡು ಕಟ್ಟಿಕೊಂಡೇ ಇರಬೇಡಿ. ಕೈ ಮಾಗುವ ತನಕ ವಾಚನ್ನು ಪ್ಯಾಂಟಿನ ಜೇಬಲ್ಲಿ ಇಟ್ಟುಕೊಂಡು ವಾಕಿಂಗ್ ಹೋಗಿ. ಎದೆಬಡಿತ ತೋರಿಸುವುದಿಲ್ಲ, ಹೆಜ್ಜೆ ಲೆಕ್ಕ ಮಾತ್ರ ಹೆಚ್ಚುಕಮ್ಮಿ ಸಿಗುತ್ತದೆ.