ಯುದ್ಧ ನಿಲ್ಲಲಿಲ್ಲ, ಲಸಿಕೆ ದಾಟಿತು

ಎಲ್ಲರಿಗೂ ಒಂದೇ ಶತ್ರು ಎದುರಾದರೆ ಜಗಳಗಂಟರೂ ಒಂದಾಗುತ್ತಾರೆ ಅನ್ನುವವರು ಬಹಳ. ಕೊರೊನಾ ಬಂದಾಗ ಹಾಗಾಯಿತೇ? 2020ರ ಮಾರ್ಚ್ 23ರಂದು ವಿಶ್ವಸಂಸ್ಥೆಯ ಮುಖ್ಯಸ್ಥ ಗುಟೆರಸ್ ಜಗತ್ತಿನಲ್ಲೆಲ್ಲ ಕದನ ನಿಲ್ಲಿಸಿ ಎಂದು ಬೇಡಿಕೊಂಡರು. ಭದ್ರತಾ ಮಂಡಳಿ ಅದಕ್ಕೆ ಹೂಂ ಅನ್ನಲು 100 ದಿನ ಹಿಡಿಯಿತು. ಠರಾವಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರು ಇರಬೇಕೋ ಬೇಡವೋ ಎಂದು ಅಮೆರಿಕ, ಚೀನಾ ಕಿತ್ತಾಡುತ್ತಿದ್ದವು. ಸೆಪ್ಟೆಂಬರ್‌ನಲ್ಲಿ ಅರ್ಮೇನಿಯಾ, ಅಜರ್‌ಬೈಜಾನ್ ಯುದ್ಧಕ್ಕೇ ಇಳಿದವು.

ಹಾಗಾದರೆ ಶೀತಲ ಸಮರದ ಕಾಲದಲ್ಲಿ ಸಿಡುಬು ತೊಲಗಿದ್ದು ಹೇಗೆ? 1958ರಲ್ಲಿ ಸೋವಿಯತ್ ಒಕ್ಕೂಟದ ವಿಕ್ಟರ್ ಜ್ದಾನೊವ್ ಅಮೆರಿಕದ ಮಿನಿಯಾಪೊಲಿಸ್‌ಗೇ ಬಂದು, ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ, ಭೂಮಿಯ ಮೇಲೆ ಸಿಡುಬೇ ಇರದ ಹಾಗೆ ಮಾಡೋಣ ಎಂದರು. ಅವರ ದೇಶ 2.5 ಕೋಟಿ ಡೋಸ್ ಲಸಿಕೆ ಕೊಡಲು ಮುಂದಾಯಿತು. 1967ರಲ್ಲಿ ಕೆಲಸ ಚುರುಕಾದಾಗ ಮುಂದಾಳು ಅಮೆರಿಕದ ಹೆಂಡರ್ಸನ್. ಇಬ್ಬರದೂ ದೊಡ್ಡ ಮನಸ್ಸು. ಆದರೆ ನನಗೆ ಅದಕ್ಕಿಂತ ಜಾಸ್ತಿ ಖುಷಿ ಕೊಡುವುದು ಆ ಲಸಿಕೆಯ ಪುಡಿ!

ದ್ರವರೂಪದ ಲಸಿಕೆ ಸೆಕೆಗೆ ಕೆಡುತ್ತದೆ. ಸಂಡಿಗೆಯ ಹಾಗೆ ಒಣಗಿಸಿದರೆ ಬಾಳುತ್ತದೆ. ಆದರೆ ಸಂಡಿಗೆಯಂತೆ ಬಿಸಿಲಿಗಿಟ್ಟರೆ ಒಳಗಿನ ಜೀವಂತ ವೈರಸ್ ಹಾಳು. ಅದಕ್ಕೇ ಮೊದಲು ಹೆಪ್ಪುಗಟ್ಟಿಸಿ, ಆಮೇಲೆ ಸುತ್ತಲಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಆಗ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಡಬ್ಬಿಯಲ್ಲಿಟ್ಟ ಕರ್ಪೂರ ಕರಗದೆ ಸುಮ್ನೆ ಸಣ್ಣಗಾಗುತ್ತಾ ಹೋಗುತ್ತದಲ್ವಾ, ಹಾಗೆ. ಲಂಡನ್ನಿನ ಲೆಸ್ಲಿ ಕೊಲಿಯರ್ 1950ರ ದಶಕದಲ್ಲಿ ಈ ವಿಧಾನವನ್ನು ಹದಕ್ಕೆ ತಂದರು. 37 ಡಿಗ್ರಿಯಲ್ಲಿ ಒಂದು ತಿಂಗಳಿಟ್ಟರೂ ಪುಡಿ ಕೆಡುತ್ತಿರಲಿಲ್ಲ.

ಅಂದರೆ ಫ್ರಿಜ್ ಬೇಡ, ಕರೆಂಟ್ ಬೇಡ. ಪುಡಿಗೆ ದ್ರವ ಬೆರೆಸಿ, ಕವಲು ಸೂಜಿಯ ಎರಡು ಮೊನೆಗಳ ನಡುವೆ ಒಂದು ಹನಿ ನಿಲ್ಲಿಸಿ, ತೋಳಿಗೆ 15 ಸಲ ಕುಕ್ಕಿದರೆ ಮುಗಿಯಿತು. ದಾಕು ಹಾಕುವವರು ಗುಂಡು ಹಾರುವ ಊರಿಗೆ ಎರಡನೇ ಡೋಸ್ ಹೊತ್ತು ಮತ್ತೆ ಹೋಗಬೇಕಿರಲಿಲ್ಲ.

ಯುದ್ಧವಂತೂ ರೋಗದ ಪರವಾಗಿಯೇ ಇತ್ತು. ಪೂರ್ವ ಪಾಕಿಸ್ತಾನದಲ್ಲಿ 1970ಕ್ಕೇ ಸಿಡುಬು ನಿಂತಿತ್ತು. 1971ರ ಯುದ್ಧದಲ್ಲಿ ಜನ ಭಾರತಕ್ಕೆ ಓಡಿಬಂದರು. ಕಲ್ಕತ್ತಾದ ಸಾಲ್ಟ್ ಲೇಕ್ ಶಿಬಿರದಲ್ಲಿ ಸಿಡುಬು ಹಬ್ಬಿತು. ಯುದ್ಧ ಮುಗಿದು ಅವರು ಊರಿಗೆ ಮರಳಿದಾಗ ರೋಗವೂ ಜೊತೆಗೆ ಹೋಯಿತು. ಬಾಂಗ್ಲಾದೇಶ ಅದನ್ನು ಮತ್ತೆ ಕಳಚಿಕೊಂಡಿದ್ದು 1975ರಲ್ಲಿ.

1977ರ ಅಕ್ಟೋಬರ್‌ನಲ್ಲಿ ಸೊಮಾಲಿಯಾ, ಇಥಿಯೋಪಿಯಾ ನಡುವೆ ಕದನ ನಡೆದಿತ್ತು. ಆಗಲೇ ಸೊಮಾಲಿಯಾದ ಮೆರ್ಕಾ ಊರಿನ ಆಸ್ಪತ್ರೆಯ ಅಡುಗೆಯವರು ಅಲಿ ಮಾವ್ ಮಾಲಿನ್‌ಗೆ ಸಿಡುಬು ಬಂತು. ಸೂಜಿ ನೋಯುತ್ತದೆ ಎಂದು ಹೆದರಿ ಅವರು ದಾಕು ತಪ್ಪಿಸಿಕೊಂಡಿದ್ದರು. ಪ್ರಯೋಗಾಲಯದ ಹೊರಗೆ ತಾನಾಗಿ ಹರಡುತ್ತಿದ್ದ ಸಿಡುಬು ತಗುಲಿದ ಕೊನೆಯ ಮನುಷ್ಯ ಅವರೇ. ಗುಣವಾದರು. ಮುಂದೆ ಅದೇ ದೇಶದಲ್ಲಿ ಪೋಲಿಯೊ ಲಸಿಕೆಯ ಕೆಲಸಕ್ಕೆ ಸೇರಿ, ತಾನು ಮಾಡಿದ ತಪ್ಪನ್ನು ತಾಯಂದಿರಿಗೆ ಹೇಳುತ್ತಾ ತಿರುಗಿದರು.