ಕ್ಲಾಸ್ ಜಾಸ್ತಿ, ಬೋಟ್ ಕಮ್ಮಿ: ಕಡಲ ಪವರ್‌ಬೋಟ್ ರೇಸಿಗೆ ಬೇಕಾದ ದುರಸ್ತಿ

ಎರಡು ಬೋಟ್ ಹೊರಡುತ್ತವೆ. ಒಂದರ ಎಂಜಿನ್ ಮೂರನೇ ಸುತ್ತಿಗೆ ಕೈಕೊಡುತ್ತದೆ. ಇನ್ನೊಂದು ಆರಾಮಾಗಿ ಬಂದು ಗೆರೆ ದಾಟುತ್ತದೆ. ಸಂಜೆ ವೇದಿಕೆ ಮೇಲೆ ಇಬ್ಬರಿಗೂ ಟ್ರೋಫಿ, ಇಬ್ಬರಿಗೂ ಫೋಟೋ. ಅಮೆರಿಕದ ಕಡಲ ಪವರ್‌ಬೋಟ್ ರೇಸುಗಳನ್ನು ಹತ್ತಿರದಿಂದ ನೋಡಿದವರಿಗೆ ಇದೇನೂ ಹೊಸದಲ್ಲ. ಬೋಟಿನ ತಳ, ಎಂಜಿನ್, ವೇಗ ನೋಡಿ ಮಾಡಿದ ವಿಭಾಗಕ್ಕೆ ಇಲ್ಲಿ ಕ್ಲಾಸ್ ಅನ್ನುತ್ತಾರೆ. ಅದೇ ದಿನ ಪಕ್ಕದ ಕ್ಲಾಸಿನಲ್ಲಿ ಮೂರು ಬೋಟ್ ಇರುತ್ತವೆ, ಮತ್ತೊಂದರಲ್ಲಿ ಒಂದೇ ಒಂದು. ದಡದಲ್ಲಿ ಕೊಡೆ ಹಿಡಿದು ಕೂತವರಿಗೆ ಯಾರು ಯಾರ ಜೊತೆ ಪೈಪೋಟಿಗೆ ಬಿದ್ದಿದ್ದಾರೆ ಅನ್ನೋದೇ ತಿಳಿಯುವುದಿಲ್ಲ.

ನನ್ನ ಕೆಲಸ ಬೋಟ್ ಎಂಜಿನ್‌ಗಳದ್ದು. ರೇಸಿನ ದಿನ ಬೋಟನ್ನು ತೂಗಿ, ಅಳೆದು, ಎಂಜಿನ್ನಿನ ಸೀಲ್ ನೋಡಿ, ಸರಿಯಿದೆ ಅಂತ ಸಹಿ ಹಾಕುವ ತಪಾಸಣೆಯನ್ನೂ ಮಾಡುತ್ತೇನೆ. ಆ ಜಾಗದಲ್ಲಿ ನಿಂತವನಿಗೆ ಈ ಆಟದ ಕಾಯಿಲೆ ಬೇಗ ಕಾಣುತ್ತದೆ. ಯಾವ ಮಾಲೀಕನಿಗೂ ಬೇಜಾರಾಗಬಾರದು ಅಂತ ಸಂಘಟಕರು ಕ್ಲಾಸುಗಳನ್ನು ಕತ್ತರಿಸುತ್ತಾ ಬಂದಿದ್ದಾರೆ. ಬಂದ ಬೋಟಿಗೊಂದು ಕ್ಲಾಸ್ ಹೊಲಿದು ಕೊಟ್ಟರೆ ಅವರ ಪ್ರವೇಶ ಶುಲ್ಕ ಸಿಗುತ್ತದೆ. ಪೈಪೋಟಿ ಮಾತ್ರ ಸಿಗುವುದಿಲ್ಲ.

ಶುರುವಿನಲ್ಲಿ ಹೀಗಿರಲಿಲ್ಲ. 1956ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವಿಗೆ ಮೊದಲ ರೇಸ್ ನಡೆಯಿತು. ಗೆದ್ದವರು ಸ್ಯಾಮ್ ಗ್ರಿಫಿತ್. 1961ರಲ್ಲಿ ಸರ್ ಮ್ಯಾಕ್ಸ್ ಏಟ್ಕನ್ ಇಂಗ್ಲೆಂಡಿನಲ್ಲಿ ಕೌಸ್–ಟೋರ್ಕಿ ರೇಸ್ ಆರಂಭಿಸಿದರು. ಆಗ ಸ್ಪರ್ಧೆ ಅಂದರೆ ತೆರೆದ ಕಡಲು, ದೂರದ ದಾರಿ, ಕೈಯಲ್ಲಿ ದಿಕ್ಸೂಚಿ. 1960ರ ಮಯಾಮಿ–ನಸ್ಸಾವು ರೇಸಿನಲ್ಲಿ ಕಡಲು ಅಬ್ಬರಿಸುತ್ತಿತ್ತು. ಡಿಕ್ ಬರ್ಟ್ರಮ್ ಅವರ ಬೋಟ್ 'ಮಾಪಿ' ಸುಮಾರು ಎಂಟು ಗಂಟೆಯಲ್ಲಿ ನಸ್ಸಾವು ಮುಟ್ಟಿತು. ಅದರ ತಳವನ್ನು ವಿನ್ಯಾಸ ಮಾಡಿದವರು ರೇ ಹಂಟ್. ಚಪ್ಪಟೆ ತಳದ ಬದಲು ಹಿಂಭಾಗದವರೆಗೂ ಆಳವಾದ ವಿ ಆಕಾರ. ಅಲೆಗೆ ಬಡಿದುಕೊಳ್ಳದೆ ಅಲೆಯನ್ನು ಸೀಳಿಕೊಂಡು ಹೋಗುವ ತಳ. ಮುಂದೆ ಅದೇ ಆಕಾರದಲ್ಲಿ ಫೈಬರ್‌ಗ್ಲಾಸ್ ಬೋಟುಗಳು ಬಂದವು, ಮೀನು ಹಿಡಿಯುವ ಶೋಕಿಯವರೂ ಸಂಸಾರಸ್ಥರೂ ಕೊಂಡರು. ರೇಸಿನಲ್ಲಿ ಗೆದ್ದ ಬೋಟಿಗೂ ಜನ ಕೊಳ್ಳುವ ಬೋಟಿಗೂ ನಂಟಿತ್ತು.

ಆಮೇಲೆ ದುಡ್ಡು ಮತ್ತು ಅಶ್ವಶಕ್ತಿ ಎರಡೂ ಏರಿದವು. 'ಸಿಗರೆಟ್' ಹೆಸರಿನ ಬೋಟುಗಳನ್ನು ಕಟ್ಟಿದ ಡಾನ್ ಏರೊನೋ ಕಾಲದಲ್ಲಿ ಉದ್ದನೆಯ ವಿ ತಳದ ಬೋಟುಗಳದ್ದೇ ರಾಜ್ಯಭಾರ. 1980ರ ದಶಕದಲ್ಲಿ ಕ್ಯಾಟಮರಾನ್‌ಗಳು ಅದನ್ನು ಕಿತ್ತುಕೊಂಡವು. ಎರಡು ಒಡಲು, ನಡುವೆ ಸುರಂಗ. ಸುರಂಗಕ್ಕೆ ನುಗ್ಗುವ ಗಾಳಿ ಬೋಟನ್ನು ಎತ್ತಿ ಹಿಡಿಯುತ್ತದೆ, ನೀರಿನ ಎಳೆತ ಕಮ್ಮಿಯಾಗುತ್ತದೆ. ಸಮತಟ್ಟಾದ ನೀರಿನಲ್ಲಿ ವಿ ಬೋಟ್ ಅದರ ಹತ್ತಿರ ಸುಳಿಯಲಾರದು. ಅಷ್ಟರಲ್ಲಿ ಪ್ರೇಕ್ಷಕರಿಗಾಗಿ, ಟಿವಿಗಾಗಿ ರೇಸ್ ದಡದ ಹತ್ತಿರ ಬಂತು. ದೂರದ ಪಯಣ ಹೋಗಿ, ಕೆಲವೇ ಮೈಲಿಗಳ ಸುತ್ತುಗಳಾದವು. ವಿ ಬೋಟಿನವರು ತಮಗೆ ಬೇರೆ ಕ್ಲಾಸ್ ಕೇಳಿದರು. ಅದು ನ್ಯಾಯವೇ. ಆಮೇಲೆ ಒಂದು ಎಂಜಿನ್ ಇದ್ದವರು ಕೇಳಿದರು, ಎರಡು ಇದ್ದವರು ಕೇಳಿದರು, ಎಂಜಿನ್ನನ್ನು ಬೋಟಿನ ಹಿಂದೆ ಹೊರಗೆ ನೇತುಹಾಕುವ ಔಟ್‌ಬೋರ್ಡಿನವರು ಕೇಳಿದರು. ಹೆಲಿಕಾಪ್ಟರಿನ ಟರ್ಬೈನ್ ಕೂರಿಸಿಕೊಂಡು ಬಂದವರಿಗೂ ಒಂದು ಕ್ಲಾಸ್ ಸಿಕ್ಕಿತು.

ಈಗಿನ ಚಿತ್ರ ಸ್ಥೂಲವಾಗಿ ಹೀಗಿದೆ. ಮೇಲೆ ಕ್ಲಾಸ್ ಒನ್: ದೊಡ್ಡ ಕ್ಯಾಟಮರಾನ್, ತಲಾ 1100 ಅಶ್ವಶಕ್ತಿಯ ಎರಡು ಎಂಜಿನ್, ಗಂಟೆಗೆ 150 ಮೈಲಿ ದಾಟುವ ವೇಗ. ಅದರ ಕೆಳಗೆ ಸೂಪರ್ ಕ್ಯಾಟ್, ಅದೂ ಕ್ಯಾಟಮರಾನೇ. ಆಮೇಲೆ ಸೂಪರ್ ಸ್ಟಾಕ್: ಹಿಂದೆ ನೇತುಹಾಕಿದ ಎರಡು 300 ಅಶ್ವಶಕ್ತಿಯ ಔಟ್‌ಬೋರ್ಡ್ ಇರುವ ಕ್ಯಾಟಮರಾನ್‌ಗಳು. ಸ್ಟಾಕ್ ವಿ, ಮಾಡ್ ವಿ ಅಂತ ವಿ ತಳದವು. ತಳಮಟ್ಟದಲ್ಲಿ ಬ್ರಾಕೆಟ್ ಕ್ಲಾಸುಗಳು. ಬ್ರಾಕೆಟ್ಟಿನಲ್ಲಿ ಎಂಜಿನ್ ಯಾವುದು, ತಳ ಯಾವುದು ಅಂತ ಹೆಚ್ಚು ಕೇಳುವುದಿಲ್ಲ. ಒಂದು ವೇಗದ ಮಿತಿ ಇರುತ್ತದೆ. ಜಿಪಿಎಸ್‌ನಲ್ಲಿ ಆ ಮಿತಿ ದಾಟಿದ್ದು ಕಂಡರೆ ದಂಡನೆ. ಬಹುತೇಕ ಬೋಟುಗಳಲ್ಲಿ ಇಬ್ಬರು. ಒಬ್ಬರು ಸ್ಟೀರಿಂಗ್ ಹಿಡಿಯುತ್ತಾರೆ, ಇನ್ನೊಬ್ಬರು ಥ್ರಾಟಲ್. ಬೋಟ್ ಅಲೆಯಿಂದ ಹಾರಿದಾಗ ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬಂದು ಎಂಜಿನ್ ಹುಚ್ಚಾಪಟ್ಟೆ ತಿರುಗುತ್ತದೆ. ಆ ಕ್ಷಣಕ್ಕೆ ಥ್ರಾಟಲ್ ಇಳಿಸಿ, ಮತ್ತೆ ನೀರು ಮುಟ್ಟುವಾಗ ಏರಿಸುವುದು ಒಂದು ವಿದ್ಯೆಯೇ.

ಕ್ಲಾಸ್ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯ ಕಂಬಳವನ್ನೇ ನೋಡಿ. ಮುಖ್ಯವಾಗಿ ಆರು ವಿಭಾಗ: ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ. ಕೋಣದ ಹಲ್ಲು ನೋಡಿದರೆ ಹಿರಿಯವೋ ಕಿರಿಯವೋ ತಿಳಿಯುತ್ತದೆ. ಏನು ಕಟ್ಟಿದ್ದಾರೆ ಅಂತ ನೋಡಿದರೆ ಹಗ್ಗವೋ ನೇಗಿಲೋ ಅಂತ ಗದ್ದೆಯ ಅಂಚಿನಲ್ಲಿ ನಿಂತ ಹುಡುಗನಿಗೂ ಗೊತ್ತಾಗುತ್ತದೆ. ಕನೆ ಹಲಗೆಯಲ್ಲಿ ವೇಗದ ಮಾತೇ ಇಲ್ಲ, ನೀರು ಎಷ್ಟು ಎತ್ತರ ಚಿಮ್ಮಿತು ಅನ್ನೋದೇ ಲೆಕ್ಕ. ಊರು ಬದಲಾದರೂ ವಿಭಾಗದ ಹೆಸರು ಬದಲಾಗುವುದಿಲ್ಲ. ಪವರ್‌ಬೋಟಿನಲ್ಲಿ ಹೀಗೆ ಕಣ್ಣಿಗೆ ಕಾಣುವ, ಎಲ್ಲ ಕಡೆ ಒಂದೇ ಆಗಿರುವ ಗೆರೆ ಎಷ್ಟು ಕ್ಲಾಸಿನಲ್ಲಿದೆ ಹೇಳಿ?

ಈಗ ಸಂಘಟನೆಯ ಕಡೆ ಬರೋಣ. ಜಾಗತಿಕ ಮಟ್ಟದಲ್ಲಿ 1922ರಲ್ಲಿ ಹುಟ್ಟಿದ, ಮೊನಾಕೊದಲ್ಲಿ ಕಚೇರಿ ಇರುವ ಯುಐಎಂ ಅನ್ನೋ ಪವರ್‌ಬೋಟ್ ಒಕ್ಕೂಟ ಇದೆ. ಅಮೆರಿಕದಲ್ಲಿ 1903ರಿಂದ ಎಪಿಬಿಎ, ಅಂದರೆ ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್ ಇದೆ. ಇವುಗಳ ನೆರಳಿನಲ್ಲಿ ಪಿ1 ಅನ್ನೋ ಕಂಪನಿ ರೇಸ್ ನಡೆಸುತ್ತದೆ. ಓಪಿಎ, ಅಂದರೆ ಆಫ್‌ಶೋರ್ ಪವರ್‌ಬೋಟ್ ಅಸೋಸಿಯೇಷನ್ ಬೇರೆ ಇದೆ. ಫ್ಲಾರಿಡಾದ ಕೀ ವೆಸ್ಟ್‌ನ ನವೆಂಬರ್ ರೇಸನ್ನು ಮೊದಲು ಸೂಪರ್ ಬೋಟ್ ಇಂಟರ್‌ನ್ಯಾಷನಲ್ ನಡೆಸುತ್ತಿತ್ತು, 2019ರಿಂದ ರೇಸ್ ವರ್ಲ್ಡ್ ಆಫ್‌ಶೋರ್ ನಡೆಸುತ್ತಿದೆ. ಒಂದೇ ವರ್ಷ, ಒಂದೇ ಹೆಸರಿನ ಕ್ಲಾಸಿಗೆ ಇಬ್ಬರು 'ವಿಶ್ವ ಚಾಂಪಿಯನ್'ಗಳು ಬರುವುದು ಹೀಗೆ. ಪ್ರಾಯೋಜಕರ ಕಂಪನಿಯಲ್ಲಿ ಕೂತ ಮ್ಯಾನೇಜರಿಗೆ ಇದನ್ನು ವಿವರಿಸಿ ನೋಡಿ. ಎರಡನೇ ನಿಮಿಷಕ್ಕೆ ಅವರು ಫೋನ್ ನೋಡತೊಡಗುತ್ತಾರೆ.

ಸಂಸ್ಥೆಗಳೆಲ್ಲ ಒಂದಾಗಲಿ ಅನ್ನೋದು ಕೇಳೋಕೆ ಚೆಂದ. ಆಗುವ ಮಾತಲ್ಲ. ರೇಸ್ ನಡೆಸುವುದು ವ್ಯಾಪಾರ. ಊರಿನ ಪ್ರವಾಸೋದ್ಯಮದವರ ಜೊತೆ ಒಪ್ಪಂದ, ವಿಮೆ, ಕೋಸ್ಟ್ ಗಾರ್ಡ್ ಅನುಮತಿ, ಎಲ್ಲವೂ ಒಬ್ಬೊಬ್ಬ ಸಂಘಟಕರ ಹೆಸರಿನಲ್ಲಿ ಇರುತ್ತವೆ. ಅದನ್ನು ಯಾರೂ ಬಿಟ್ಟುಕೊಡುವುದಿಲ್ಲ. ಆದರೆ ಸಂಘಟಕರು ಹಲವರಿದ್ದರೂ ತಾಂತ್ರಿಕ ನಿಯಮದ ಪುಸ್ತಕ ಒಂದೇ ಇರಬಹುದು, ಅಲ್ವಾ? ಫ್ಲಾರಿಡಾದ ಕೊಕೊ ಬೀಚಿನಲ್ಲಿ ಪಾಸಾದ ಬೋಟ್ ಅಲ್ಲಿಯದೇ ಸರಸೋಟಾದಲ್ಲೂ ಕೀ ವೆಸ್ಟ್‌ನಲ್ಲೂ ಬೋಲ್ಟ್ ಬದಲಿಸದೆ ಓಡುವಂತಿರಬೇಕು. ನಾನು ಮೊದಲು ಕೇಳುವುದು ಇಷ್ಟೇ.

ಪುಸ್ತಕ ಒಂದಾದರೆ ಸಾಲದು, ಅಳೆಯುವ ಕೈಯೂ ಒಂದೇ ಇರಬೇಕು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಜಗಳವೆಲ್ಲ ಹುಟ್ಟುವುದು ಇಲ್ಲೇ. ತೂಕವನ್ನೇ ತಗೊಳ್ಳಿ. ರೇಸ್ ಮುಗಿದ ಮೇಲೆ ಬೋಟನ್ನು ಕ್ರೇನಿನಲ್ಲಿ ಎತ್ತಿ ತೂಗುತ್ತೇವೆ. ಕ್ಯಾಟಮರಾನಿನ ಒಡಲಿನೊಳಗೆ ನೀರು ಸೇರಿಕೊಂಡಿರುತ್ತದೆ. ತಳದ ಪ್ಲಗ್ ಬಿಚ್ಚಿ ನೀರು ಇಳಿಸಿ ತೂಗಬೇಕೋ, ಹಾಗೇ ತೂಗಬೇಕೋ? ನೀರು ಇಳಿಯಲು ಎಷ್ಟು ಹೊತ್ತು ಬಿಡಬೇಕು? ಉಳಿದ ಪೆಟ್ರೋಲ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಮಾಡಿದರೆ ಅದೇ ಬೋಟ್ ಒಂದು ವಾರ ಪಾಸು, ಮುಂದಿನ ರೇಸಿಗೆ ಫೇಲು. ತಂಡದವರು ಮೋಸಗಾರರು ಅನ್ನಿಸಿಕೊಳ್ಳುತ್ತಾರೆ. ಅವರು ಮಾಡಿದ್ದು ಏನೂ ಇರುವುದಿಲ್ಲ.

ಎಂಜಿನ್ ಸೀಲ್ ಕೂಡ ಹಾಗೆಯೇ. ತಯಾರಕರೇ ಎಂಜಿನ್ನಿಗೆ ಸೀಲ್ ಹಾಕಿ ಕಳಿಸಿದರೆ ಒಳಗೆ ಕೈ ಹಾಕಿದ್ದು ಗೊತ್ತಾಗುತ್ತದೆ. ಕಂಪ್ಯೂಟರ್ ಜೋಡಿಸಿ ಎಂಜಿನ್ನಿನ ನೆನಪನ್ನು ಓದಿದರೆ ಎಷ್ಟು ಸುತ್ತು ತಿರುಗಿದೆ, ಸೆಟ್ಟಿಂಗ್ ಬದಲಾಗಿದೆಯೇ ಅಂತ ಕಾಣುತ್ತದೆ. ಅದರಿಂದ ಖರ್ಚಿಗೂ ಕಡಿವಾಣ. ನನ್ನ ಮಟ್ಟಿಗೆ ಸೀಲ್ ಇಲ್ಲದ ಎಂಜಿನ್ನಿಗೆ ಚಾಂಪಿಯನ್‌ಶಿಪ್ ಕ್ಲಾಸಿನಲ್ಲಿ ಜಾಗವೇ ಇರಬಾರದು. 'ಮಿತಿಯಿಲ್ಲದ' ಕ್ಲಾಸ್ ಮತ್ತೆ ತನ್ನಿ ಅನ್ನುವ ಹಳಬರಿದ್ದಾರೆ. ಆ ಸದ್ದು, ಆ ವೈಭವ ನನಗೂ ಇಷ್ಟ. ಆದರೆ ಅದು ಒಬ್ಬಿಬ್ಬರು ಶ್ರೀಮಂತರು ಬಂದರೆ ಇರುತ್ತದೆ, ಅವರಿಗೆ ಬೇಜಾರಾದ ವರ್ಷ ಕ್ಲಾಸೇ ಮಾಯ. ಪ್ರದರ್ಶನಕ್ಕೆ ಓಡಲಿ, ಅಂಕ ಬೇಡ.

ಇದೆಲ್ಲ ಸರಿಹೋಗಬೇಕಾದರೆ ತಪಾಸಕರ ಸಂಬಳ ಸಂಘಟಕರಿಂದ ಬರಬಾರದು. ತನ್ನ ರೇಸಿಗೆ ಬೋಟ್ ಬರಲಿ ಅಂತ ಕಾಯುವವನೇ ಆ ಬೋಟನ್ನು ತಿರಸ್ಕರಿಸುವವನಿಗೆ ದುಡ್ಡು ಕೊಡುವುದು ಸರಿಯಾಗುತ್ತದೆಯೇ? ಎಲ್ಲ ಸಂಘಟಕರೂ ಪ್ರತಿ ಬೋಟಿನ ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ಸಾಮಾನ್ಯ ನಿಧಿಗೆ ಹಾಕಲಿ. ಒಂದೇ ತಪಾಸಣಾ ತಂಡ, ಒಂದೇ ತಕ್ಕಡಿ ಊರಿಂದೂರಿಗೆ ಹೋಗಲಿ.

ಬ್ರಾಕೆಟ್ ಕ್ಲಾಸುಗಳ ಬಗ್ಗೆ ಒಂದು ಮಾತು. ಅವನ್ನು ತಾತ್ಸಾರ ಮಾಡುವವರು ಬಹಳ. ನಾನು ಮಾಡುವುದಿಲ್ಲ. ಹೊಸಬರು ಬರುವ ಬಾಗಿಲು ಅದೊಂದೇ. ಆದರೆ ವೇಗದ ಮಿತಿ ಒಂದನ್ನೇ ನಂಬಿದರೆ ಒಂದು ತೂತು ಉಳಿಯುತ್ತದೆ. ನೀರು ಶಾಂತವಾಗಿದ್ದಾಗ 24 ಅಡಿಯ ಬೋಟೂ 38 ಅಡಿಯ ಬೋಟೂ ಮಿತಿಯ ಹತ್ತಿರವೇ ಓಡುತ್ತವೆ, ಚೆನ್ನಾಗಿರುತ್ತದೆ. ಅಲೆ ಎದ್ದ ದಿನ ದೊಡ್ಡ ಬೋಟ್ ಅದೇ ವೇಗದಲ್ಲಿ ನಿರಾಳವಾಗಿ ಹೋಗುತ್ತದೆ. ಸಣ್ಣದರಲ್ಲಿ ಕೂತವರ ಬೆನ್ನುಮೂಳೆ ಪುಡಿಯಾಗುತ್ತದೆ. ಬೇಕಂತಲೇ ಕೆಳಗಿನ ಬ್ರಾಕೆಟ್ಟಿಗೆ ಹೆಸರು ಕೊಟ್ಟು, ಶಕ್ತಿ ಅಡಗಿಸಿಟ್ಟುಕೊಂಡು ಓಡುವವರೂ ಇದ್ದಾರೆ. ವೇಗದ ಮಿತಿಯ ಜೊತೆ ಉದ್ದಕ್ಕೂ ಅಶ್ವಶಕ್ತಿಗೂ ಒಂದು ಗರಿಷ್ಠ ಮಿತಿ ಹಾಕಿದರೆ ಇದು ಬಹುಪಾಲು ನಿಲ್ಲುತ್ತದೆ.

ಒಟ್ಟು ಎಷ್ಟು ಕ್ಲಾಸ್ ಬೇಕು? ನನ್ನ ಕೈಗೆ ಕೊಟ್ಟರೆ ಐದು. ಸೀಲ್ ಮಾಡಿದ ಎಂಜಿನ್ನಿನ ದೊಡ್ಡ ಕ್ಯಾಟಮರಾನ್ ಒಂದು, ಔಟ್‌ಬೋರ್ಡ್ ಕ್ಯಾಟಮರಾನ್ ಒಂದು, ವಿ ತಳದ್ದು ಒಂದು, ಬ್ರಾಕೆಟ್ ಎರಡು. ಹಿಂದಿನ ಋತುವಿನಲ್ಲಿ ಸರಾಸರಿ ಐದು ಬೋಟೂ ಬಾರದ ಕ್ಲಾಸಿಗೆ ಪ್ರಶಸ್ತಿ ಇಲ್ಲ. ಒಂದು ವರ್ಷ ಮೊದಲೇ ತಿಳಿಸಿ ಪಕ್ಕದ ಕ್ಲಾಸಿಗೆ ಸೇರಿಸಬೇಕು, ತೂಕ ಹೆಚ್ಚುಕಮ್ಮಿ ಮಾಡಿ ಸರಿದೂಗಿಸಬೇಕು. ನಿಯಮ ಮೂರು ವರ್ಷ ಬದಲಾಗಬಾರದು. ಬೋಟಿಗೆ ಸಾಲ ಮಾಡಿ ದುಡ್ಡು ಹಾಕಿದವನಿಗೆ ಮುಂದಿನ ವರ್ಷ ಅದು ಹಳೇ ಕಬ್ಬಿಣ ಆಗುವುದಿಲ್ಲ ಅನ್ನೋ ಭರವಸೆ ಬೇಡವೇ?

ಕಮ್ಮಿ ಕ್ಲಾಸಿದ್ದರೆ ಆಟ ಎಷ್ಟು ಸಲೀಸಾಗಿ ಅರ್ಥವಾಗುತ್ತದೆ ಅನ್ನೋದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2017ರ ಮಾರ್ಚ್‌ನಲ್ಲಿ ಮುಂಬೈನ ಮರೀನ್ ಡ್ರೈವ್ ಎದುರು ಪಿ1 ರೇಸ್ ನಡೆಯಿತು. ಬೆಂಗಳೂರಿನ ರ‍್ಯಾಲಿ ಸವಾರ ಸಿ.ಎಸ್. ಸಂತೋಷ್ ಕೂಡ ಅದರಲ್ಲಿ ಓಡಿದ್ದರು. ಎಲ್ಲರಿಗೂ ಒಂದೇ ಥರದ ಬೋಟ್. ಮೊದಲ ಸಲ ನೋಡಿದವರಿಗೂ ಮುಂದಿರುವವನೇ ಮುಂದಿದ್ದಾನೆ ಅಂತ ತಿಳಿಯುತ್ತಿತ್ತು.

ಕ್ಲಾಸಿನ ಗೊಂದಲ ಸುಮ್ನೆ ಟ್ರೋಫಿಯ ವಿಷಯವಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೋಟ್ ಕಮ್ಮಿ ಇರುವ ಕ್ಲಾಸುಗಳನ್ನು ಸಂಘಟಕರು ಒಟ್ಟಿಗೆ ನೀರಿಗೆ ಬಿಡುತ್ತಾರೆ. ವೇಗದಲ್ಲಿ ಗಂಟೆಗೆ 50 ಮೈಲಿ ವ್ಯತ್ಯಾಸ ಇರುವ ಬೋಟುಗಳು ಒಂದೇ ತಿರುವಿನಲ್ಲಿ ಸೇರುತ್ತವೆ. ಮುಂದಿನ ನಿಧಾನದ ಬೋಟ್ ಎಬ್ಬಿಸಿದ ಅಲೆಗೆ ಹಿಂದಿನ ಕ್ಯಾಟಮರಾನ್ ಮೂಗೆತ್ತಿದರೆ ಸುರಂಗದ ಗಾಳಿ ಅದನ್ನು ಹಿಂದಕ್ಕೆ ಮಗುಚಿ ಹಾಕಬಹುದು. ಈ ಆಟ ಯಾರನ್ನೂ ಬಿಟ್ಟಿಲ್ಲ. ಫಾರ್ಮುಲಾ ಒನ್ ಚಾಲಕರಾಗಿದ್ದ ದಿದಿಯೆ ಪಿರೋನಿ 1987ರಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ಬಳಿ ತಮ್ಮ ಇಬ್ಬರು ಸಂಗಡಿಗರ ಜೊತೆ ಸತ್ತರು. 1990ರಲ್ಲಿ ಮೊನಾಕೊ ಎದುರು, ತಮ್ಮ ವಿಶ್ವ ಪ್ರಶಸ್ತಿ ಉಳಿಸಿಕೊಳ್ಳಲು ಹೊರಟಿದ್ದ ಸ್ಟೆಫಾನೊ ಕಸಿರಾಗಿ ತೀರಿಕೊಂಡರು. ಆಮೇಲೆ ಮುಚ್ಚಿದ ಕಾಕ್‌ಪಿಟ್, ಬೆಲ್ಟ್, ಮಗುಚಿದ ಬೋಟಿನಿಂದ ಹೊರಬರುವ ಪರೀಕ್ಷೆ, ಎಲ್ಲ ಬಿಗಿಯಾದವು. ಆದರೂ 2011ರಲ್ಲಿ ಕೀ ವೆಸ್ಟ್‌ನ ಒಂದೇ ವಾರದ ಸ್ಪರ್ಧೆಯಲ್ಲಿ ಮೂವರು ಪ್ರಾಣ ಬಿಟ್ಟರು. ವೇಗ ಹೊಂದದ ಕ್ಲಾಸುಗಳನ್ನು ಒಂದೇ ಓಟದಲ್ಲಿ ಸೇರಿಸಬಾರದು ಅನ್ನೋದು ಸಾಮಾನ್ಯ ಪುಸ್ತಕದ ಮೊದಲ ಪುಟದಲ್ಲೇ ಇರಬೇಕು. ರೇಸಿನ ದಿನ ಬೆಳಿಗ್ಗೆ ಸಂಘಟಕರ ಅನುಕೂಲಕ್ಕೆ ಬದಲಾಗುವ ಸಾಲಾಗಿ ಅದು ಉಳಿಯಬಾರದು.

ಹಳೇ ಬೋಟಿನ ಮಾಲೀಕರು ಕೂಗಾಡುತ್ತಾರೆ, ಗೊತ್ತು. ಅವರಿಗೆ ಬ್ರಾಕೆಟ್ ಇದೆ. ಸಂಘಟಕರಿಗೆ ಮೊದಲ ವರ್ಷ ಕೆಲವು ಪ್ರವೇಶ ಶುಲ್ಕ ತಪ್ಪುತ್ತದೆ, ಅದೂ ನಿಜ. ಹಾಗಾಗಿ ಎಲ್ಲವನ್ನೂ ಒಮ್ಮೆಲೇ ಮುಟ್ಟುವುದು ಬೇಡ. ಸೂಪರ್ ಸ್ಟಾಕ್ ಬೋಟುಗಳು ಈಗಾಗಲೇ ಬೇರೆ ಬೇರೆ ಸಂಘಟಕರ ರೇಸುಗಳಲ್ಲಿ ಓಡುತ್ತಿವೆ. ಎಂಜಿನ್ನೂ ಹೆಚ್ಚುಕಮ್ಮಿ ಒಂದೇ ಬಗೆಯದು. ನವೆಂಬರಿನಲ್ಲಿ ಕೀ ವೆಸ್ಟ್‌ಗೆ ಹೇಗೂ ತುಂಬಾ ತಂಡಗಳು ಬರುತ್ತವೆ. ತಪಾಸಣೆಯ ದಿನವೇ ಒಂದು ಮೇಜಿನ ಸುತ್ತ ಕೂತು ಆ ಒಂದು ಕ್ಲಾಸಿನ ತೂಕ, ಸೀಲ್, ಪ್ರೊಪೆಲ್ಲರ್, ಪೆಟ್ರೋಲ್, ಈ ನಾಲ್ಕರ ನಿಯಮಕ್ಕೆ ಎಲ್ಲ ಸಂಘಟಕರೂ ಸಹಿ ಹಾಕಲಿ. ಪ್ಲಗ್ ಬಿಚ್ಚಿ ಎಷ್ಟು ನಿಮಿಷ ನೀರು ಇಳಿಸಬೇಕು ಅನ್ನೋದನ್ನೂ ಅದರಲ್ಲೇ ಬರೆಯಲಿ. ಉಳಿದ ಕ್ಲಾಸುಗಳ ಬಗ್ಗೆ ಜಗಳ ಆಡೋಕೆ ಚಳಿಗಾಲ ಪೂರ್ತಿ ಇದೆ.